ವಿಶೇಷ ಅಗತ್ಯವುಳ್ಳವರಿಗೆ ದಂತ ಇಂಪ್ಲಾಂಟ್: ಯಾದಗಿರಿ ಭಾಗದ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಯಾದಗಿರಿ: ಜೋಳದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಈ ಭಾಗದ ನಿತ್ಯದ ಆಹಾರ. ಹಲ್ಲು ಕಳೆದುಕೊಂಡವರು ರೊಟ್ಟಿಯನ್ನು ಹಾಲಿನಲ್ಲೋ ಸಾರಿನಲ್ಲೋ ನೆನೆಸಿ ತಿನ್ನುವುದು ಮನೆಮನೆಯಲ್ಲೂ ಕಾಣುವ ದೃಶ್ಯ. ಆದರೆ ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಡೌನ್ ಸಿಂಡ್ರೋಮ್, ಮೂರ್ಛೆ ರೋಗ ಅಥವಾ ಪಾರ್ಕಿನ್ಸನ್ ಕಾಯಿಲೆ ಇರುವವರು ಹಲ್ಲು ಕಳೆದುಕೊಂಡರೆ ಸಮಸ್ಯೆ ಅಷ್ಟಕ್ಕೇ ನಿಲ್ಲುವುದಿಲ್ಲ. ಅಗಿಯಲಾಗದೆ ಪೌಷ್ಟಿಕತೆ ಕುಂದುತ್ತದೆ, ಆಹಾರ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯ ಹೆಚ್ಚುತ್ತದೆ, ಮೊದಲೇ ತೊದಲುವ ಮಾತು ಇನ್ನಷ್ಟು ಅಸ್ಪಷ್ಟವಾಗುತ್ತದೆ. ಇಂಥವರಿಗೆ ದಂತ ಇಂಪ್ಲಾಂಟ್ ಎಷ್ಟರಮಟ್ಟಿಗೆ ಉಪಯುಕ್ತ, ಯಾರಿಗೆ ಅದು ಸಲ್ಲದು, ಯಾದಗಿರಿ, ಶಹಾಪುರ, ಸುರಪುರ ಭಾಗದ ಕುಟುಂಬಗಳು ಏನನ್ನು ಗಮನಿಸಬೇಕು ಎಂಬುದರ ವಿವರ ಇಲ್ಲಿದೆ.

ಏನಿದು ಇಂಪ್ಲಾಂಟ್?

ಹಲ್ಲಿನ ಬೇರಿನ ಸ್ಥಾನದಲ್ಲಿ ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಲೋಹದ ಪುಟ್ಟ ತಿರುಪು ಮೊಳೆಯೇ ಇಂಪ್ಲಾಂಟ್. ಮೂಳೆಯು ಈ ಲೋಹಕ್ಕೆ ನೇರವಾಗಿ ಅಂಟಿಕೊಂಡು ಬೆಳೆಯುತ್ತದೆ. ಕೆಳದವಡೆಯಲ್ಲಿ ಇದಕ್ಕೆ ಸಾಮಾನ್ಯವಾಗಿ ಮೂರು ತಿಂಗಳು, ಮೇಲ್ದವಡೆಯಲ್ಲಿ ನಾಲ್ಕರಿಂದ ಆರು ತಿಂಗಳು ಬೇಕಾಗುತ್ತದೆ. ಬಳಿಕ ಅದರ ಮೇಲೆ ಕೃತಕ ಹಲ್ಲನ್ನು ಅಥವಾ ದಂತಪಂಕ್ತಿಯನ್ನು ಜೋಡಿಸಲಾಗುತ್ತದೆ.

ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುವ ಸಂಗತಿಯನ್ನು 1950ರ ದಶಕದಲ್ಲಿ ಗುರುತಿಸಿದವರು ಸ್ವೀಡನ್ನಿನ ವೈದ್ಯ ವಿಜ್ಞಾನಿ ಪರ್ ಇಂಗ್ವರ್ ಬ್ರೋನೆಮಾರ್ಕ್. 1965ರಲ್ಲಿ ಅವರು ಚಿಕಿತ್ಸೆ ನೀಡಿದ ಮೊದಲ ರೋಗಿಗೆ ಹುಟ್ಟಿನಿಂದಲೇ ಸೀಳಂಗುಳ ಮತ್ತು ದವಡೆಯ ವಿಕಾರವಿತ್ತು, ಕೆಳದವಡೆಯಲ್ಲಿ ಹಲ್ಲುಗಳಿರಲಿಲ್ಲ. ಆ ವ್ಯಕ್ತಿ ನಾಲ್ಕು ದಶಕಗಳ ಕಾಲ, ಕೊನೆಯುಸಿರಿನವರೆಗೂ ಅದೇ ಇಂಪ್ಲಾಂಟ್‌ಗಳನ್ನು ಬಳಸಿದರು. ಇಂದು ಸೌಂದರ್ಯ ಚಿಕಿತ್ಸೆಯೆಂದು ಪ್ರಚಾರ ಪಡೆದಿರುವ ಈ ವಿಧಾನ ಮೊದಲು ನೆರವಾದದ್ದು ವಿಶೇಷ ಅಗತ್ಯವಿದ್ದ ವ್ಯಕ್ತಿಗೇ ಎಂಬುದು ಗಮನಾರ್ಹ.

ತೆಗೆದು ಹಾಕುವ ದಂತಪಂಕ್ತಿ ಏಕೆ ಸಾಲದು?

ಸಾಮಾನ್ಯರಿಗೆ ತೆಗೆದು ಹಾಕುವ ದಂತಪಂಕ್ತಿ ಅಗ್ಗದ ಹಾಗೂ ಸುಲಭದ ಪರಿಹಾರ. ಆದರೆ ಅದು ನಿಲ್ಲುವುದು ನಾಲಿಗೆ, ಕೆನ್ನೆ ಮತ್ತು ತುಟಿಯ ಸ್ನಾಯುಗಳ ಹಿಡಿತದಿಂದ. ಸೆರೆಬ್ರಲ್ ಪಾಲ್ಸಿ ಅಥವಾ ಪಾರ್ಕಿನ್ಸನ್ ಇರುವವರಲ್ಲಿ ಈ ಸ್ನಾಯುಗಳು ಹತೋಟಿಯಲ್ಲಿ ಇರುವುದಿಲ್ಲ. ದಂತಪಂಕ್ತಿ ಸಡಿಲಗೊಂಡು ಜಾರುತ್ತದೆ. ಮೂರ್ಛೆ ರೋಗಿಗಳಲ್ಲಿ ಫಿಟ್ಸ್ ಬಂದಾಗ ಅದು ಮುರಿದು ಅಥವಾ ಕಳಚಿ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಬುದ್ಧಿಮಾಂದ್ಯತೆ ಇರುವ ಕೆಲವರು ಬಾಯಲ್ಲಿ ಬೇರೆ ವಸ್ತುವನ್ನು ಸಹಿಸದೆ ಕಿತ್ತೆಸೆಯುವುದೂ ಉಂಟು. ಇಂಥ ಸಂದರ್ಭಗಳಲ್ಲಿ ಮೂಳೆಗೆ ಭದ್ರವಾಗಿ ನಿಲ್ಲುವ ಹಲ್ಲು ಹೆಚ್ಚು ಸುರಕ್ಷಿತ.

ಎಲ್ಲ ಹಲ್ಲುಗಳಿಗೂ ಇಂಪ್ಲಾಂಟ್ ಬೇಕೆಂದಿಲ್ಲ. ಕೆಳದವಡೆಯಲ್ಲಿ ಒಂದೂ ಹಲ್ಲಿಲ್ಲದವರಿಗೆ ಎರಡು ಇಂಪ್ಲಾಂಟ್ ಕೂರಿಸಿ, ಅವುಗಳಿಗೆ ಗುಂಡಿಯಂತೆ ಸಿಕ್ಕಿಕೊಳ್ಳುವ ದಂತಪಂಕ್ತಿ ನೀಡುವುದು ಮೊದಲ ಆಯ್ಕೆಯಾಗಬೇಕೆಂದು 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು ಅಭಿಪ್ರಾಯಪಟ್ಟಿದ್ದರು. ಇದರಿಂದ ವೆಚ್ಚವೂ ತಗ್ಗುತ್ತದೆ, ಆರೈಕೆ ಮಾಡುವವರು ದಂತಪಂಕ್ತಿಯನ್ನು ತೆಗೆದು ಶುಚಿಗೊಳಿಸುವುದೂ ಸುಲಭವಾಗುತ್ತದೆ.

ಯಾರಲ್ಲಿ ಎಚ್ಚರ ಅಗತ್ಯ?

* ಡೌನ್ ಸಿಂಡ್ರೋಮ್: ಇವರಲ್ಲಿ ವಸಡಿನ ರೋಗ ಎಳೆಯ ವಯಸ್ಸಿನಲ್ಲೇ ತೀವ್ರವಾಗಿ ಹಲ್ಲುಗಳು ಉದುರುತ್ತವೆ. ಸೋಂಕು ಎದುರಿಸುವ ಶಕ್ತಿ ಕಡಿಮೆ ಇರುವುದರಿಂದ ಇಂಪ್ಲಾಂಟ್ ವಿಫಲವಾಗುವ ಸಂಭವ ಇತರರಿಗಿಂತ ಹೆಚ್ಚು. ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವುದರಿಂದ ಹೃದ್ರೋಗ ತಜ್ಞರ ಅಭಿಪ್ರಾಯ ಮೊದಲು ಪಡೆಯಬೇಕು.

* ಸೆರೆಬ್ರಲ್ ಪಾಲ್ಸಿ: ಹಲ್ಲು ಕಡಿಯುವ ಅಭ್ಯಾಸ ಸಾಮಾನ್ಯ. ಅತಿಯಾದ ಒತ್ತಡಕ್ಕೆ ತಿರುಪು ಸಡಿಲವಾಗಬಹುದು, ಮೇಲಿನ ಹಲ್ಲು ಒಡೆಯಬಹುದು.

* ಮೂರ್ಛೆ ರೋಗ: ಫೆನಿಟಾಯಿನ್ ಮಾತ್ರೆ ಸೇವಿಸುವವರಲ್ಲಿ ವಸಡು ಊದಿಕೊಂಡು ಬೆಳೆಯುತ್ತದೆ. ಫಿಟ್ಸ್ ಹತೋಟಿಗೆ ಬಂದ ಮೇಲಷ್ಟೇ ಚಿಕಿತ್ಸೆ ಕೈಗೊಳ್ಳುವುದು ಉಚಿತ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

* ಹುಟ್ಟಿನಿಂದ ಹಲ್ಲುಗಳಿಲ್ಲದ ಮಕ್ಕಳು: ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯಾ ಎಂಬ ಅನುವಂಶಿಕ ಸ್ಥಿತಿಯಲ್ಲಿ ಹಲ್ಲು, ಕೂದಲು, ಬೆವರುಗ್ರಂಥಿಗಳು ಸರಿಯಾಗಿ ಬೆಳೆಯುವುದಿಲ್ಲ. ದವಡೆ ಬೆಳೆಯುತ್ತಿರುವಾಗ ಇಂಪ್ಲಾಂಟ್ ಕೂರಿಸಿದರೆ ಅದು ಸುತ್ತಲಿನ ಮೂಳೆಯೊಂದಿಗೆ ಮೇಲೆ ಬಾರದೆ ಹುದುಗಿಹೋಗುತ್ತದೆ. ಆದ್ದರಿಂದ ಬೆಳವಣಿಗೆ ಮುಗಿಯುವವರೆಗೆ ಮಕ್ಕಳಿಗೆ ತೆಗೆದು ಹಾಕುವ ದಂತಪಂಕ್ತಿಯೇ ಸರಿ. ಕೆಳದವಡೆಯ ಮುಂಭಾಗದಲ್ಲಿ ಮಾತ್ರ ತಜ್ಞರು ಕೆಲವೊಮ್ಮೆ ವಿನಾಯಿತಿ ತೋರುತ್ತಾರೆ.

ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ದವಡೆಗೆ ಪಡೆದ ವಿಕಿರಣ ಚಿಕಿತ್ಸೆ, ಮೂಳೆ ಸವೆತ ಅಥವಾ ಕ್ಯಾನ್ಸರ್‌ಗಾಗಿ ಪಡೆದ ಕೆಲವು ಚುಚ್ಚುಮದ್ದುಗಳು ಯಾರಲ್ಲೇ ಆದರೂ ಅಡ್ಡಿಯಾಗುತ್ತವೆ. ಈ ಭಾಗಕ್ಕೆ ಅನ್ವಯಿಸುವ ಮತ್ತೊಂದು ಮಾತಿದೆ. ರಾಜ್ಯದಲ್ಲಿ 2013ರಲ್ಲಿಯೇ ಗುಟ್ಕಾ ನಿಷೇಧವಾದರೂ ಅಡಿಕೆ, ತಂಬಾಕು ಜಗಿಯುವ ಚಟ ಉಳಿದಿದೆ. ಅಡಿಕೆಯಿಂದ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಕಷ್ಟವಾದಾಗ ಇಂಪ್ಲಾಂಟ್ ಕೂರಿಸುವ ಉಪಕರಣ ಒಳಗೆ ಹೋಗುವುದಿಲ್ಲ.

ಅರಿವಳಿಕೆ ಮತ್ತು ಒಪ್ಪಿಗೆ

ಸಹಕರಿಸಬಲ್ಲವರಿಗೆ ಆ ಭಾಗವನ್ನಷ್ಟೇ ಮರಗಟ್ಟಿಸಿ ಶಸ್ತ್ರಚಿಕಿತ್ಸೆ ಮಾಡಲಾಗುತ್ತದೆ. ಕುಳಿತುಕೊಳ್ಳಲಾಗದವರಿಗೆ, ತೀರಾ ಹೆದರುವವರಿಗೆ ಪೂರ್ಣ ಅರಿವಳಿಕೆ ಬೇಕಾಗುತ್ತದೆ. ಹಾಗಾದಾಗ ಹಾಳಾದ ಹಲ್ಲು ಕೀಳುವುದು, ವಸಡು ಶುಚಿಗೊಳಿಸುವುದು, ಇಂಪ್ಲಾಂಟ್ ಕೂರಿಸುವುದು ಇವೆಲ್ಲವನ್ನೂ ಸಾಧ್ಯವಾದಷ್ಟು ಒಂದೇ ಬಾರಿಗೆ ಮುಗಿಸುವಂತೆ ಯೋಜಿಸಬೇಕು. ಅರಿವಳಿಕೆ ತಜ್ಞರು, ತುರ್ತು ನಿಗಾ ಘಟಕ ಇರುವ ಆಸ್ಪತ್ರೆಯಲ್ಲಷ್ಟೇ ಇದು ಸಲ್ಲುತ್ತದೆ.

ರೋಗಿಗೆ ಅರ್ಥವಾಗುವ ಮಾತಿನಲ್ಲಿ ವಿವರಿಸಿ ಆತನ ಅಥವಾ ಆಕೆಯ ಇಚ್ಛೆ ತಿಳಿಯುವುದು ವೈದ್ಯರ ಕರ್ತವ್ಯ. 18 ವರ್ಷ ತುಂಬಿದ ಬಳಿಕ ತಂದೆತಾಯಿ ತಾವಾಗಿಯೇ ಕಾನೂನುಬದ್ಧ ಪೋಷಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಹಾಗೂ ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಯು ಪೋಷಕರನ್ನು ನೇಮಿಸುತ್ತದೆ.

ಎಲ್ಲಿಗೆ ಹೋಗಬೇಕು?

ಗುಲ್ಬರ್ಗ ಜಿಲ್ಲೆಯಿಂದ ಬೇರ್ಪಟ್ಟು 2010ರಲ್ಲಿ ಅಸ್ತಿತ್ವಕ್ಕೆ ಬಂದ ಯಾದಗಿರಿ ಜಿಲ್ಲೆಯಲ್ಲಿ 2022ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಆದರೆ ದಂತ ವೈದ್ಯಕೀಯ ಕಾಲೇಜುಗಳಿಗಾಗಿ ಇಲ್ಲಿನವರು ಕಲಬುರಗಿಯನ್ನು ಅಥವಾ ರಾಯಚೂರನ್ನು ಅವಲಂಬಿಸಬೇಕು. ಯಾದಗಿರಿಯವರಿಗೆ ಎರಡೂ ಕಡೆ ರೈಲು ಸಂಪರ್ಕವಿದೆ. ಶಹಾಪುರ, ಸುರಪುರದವರಿಗೆ ಬಸ್ಸೇ ಗತಿ. ಗಾಲಿಕುರ್ಚಿ ಬಳಸುವವರನ್ನು ಕರೆದೊಯ್ಯುವ ಕುಟುಂಬಕ್ಕೆ ಇದೇ ದೊಡ್ಡ ಹೊರೆ. ಇಂಪ್ಲಾಂಟ್ ಚಿಕಿತ್ಸೆಗೆ ಹಲವು ಬಾರಿ ಹೋಗಬೇಕಾಗುವುದರಿಂದ, ಮೊದಲು ಸಮೀಪದ ಸರ್ಕಾರಿ ಆಸ್ಪತ್ರೆಯ ದಂತ ವೈದ್ಯರಲ್ಲಿ ತಪಾಸಣೆ, ರಕ್ತ ಪರೀಕ್ಷೆ ಮುಗಿಸಿ, ಅವರ ಪತ್ರದೊಂದಿಗೆ ತೆರಳಿದರೆ ಅಲೆದಾಟ ತಗ್ಗುತ್ತದೆ.

ನೆರವು ಮತ್ತು ಹಕ್ಕು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಅದರ 25ನೇ ಕಲಮಿನ ಪ್ರಕಾರ ಆಸ್ಪತ್ರೆಗಳಲ್ಲಿ ಅಡೆತಡೆಯಿಲ್ಲದ ಪ್ರವೇಶ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ಇವರ ಹಕ್ಕು. ಯುಡಿಐಡಿ ಗುರುತಿನ ಚೀಟಿಯನ್ನು ಜೊತೆಗೆ ಒಯ್ಯುವುದು ಒಳಿತು. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆ ಮೇಲೆ ಹೇಳಿದ ನಾಲ್ಕು ವರ್ಗದವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ರಕ್ಷಣೆ ನೀಡುತ್ತದೆ. ಹಲ್ಲುಗಳ ಮುನ್ನೆಚ್ಚರಿಕೆ ಚಿಕಿತ್ಸೆಯೂ ಅದರಲ್ಲಿ ಸೇರಿದೆ. ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿದ ದಂತ ಭಾಗ್ಯ ಯೋಜನೆ ಬಡ ಹಿರಿಯರಿಗೆ ಉಚಿತ ದಂತಪಂಕ್ತಿ ನೀಡಲೆಂದು ರೂಪುಗೊಂಡಿದ್ದು, ಇಂಪ್ಲಾಂಟ್‌ಗಾಗಿ ಅಲ್ಲ. ಆದ್ದರಿಂದ ಒಟ್ಟು ವೆಚ್ಚವನ್ನು, ಅದರಲ್ಲಿ ಮೇಲಿನ ಹಲ್ಲಿನ ದರವೂ ಸೇರಿದೆಯೇ ಎಂಬುದನ್ನು ಮುಂಚಿತವಾಗಿಯೇ ಬರಹದಲ್ಲಿ ಪಡೆಯಬೇಕು.

ಮುಖ್ಯವಾದದ್ದು ಮನೆಯ ಆರೈಕೆ

ಇಂಪ್ಲಾಂಟ್‌ಗೆ ಹುಳುಕು ಹಿಡಿಯದು, ಆದರೆ ಅದರ ಸುತ್ತಲಿನ ವಸಡು ಕೀವುಗಟ್ಟಿ ಮೂಳೆ ಕರಗಬಹುದು. ರೋಗಿ ತಾನೇ ಹಲ್ಲುಜ್ಜಲಾರದಿದ್ದರೆ ಮನೆಯವರು ದಿನಕ್ಕೆ ಎರಡು ಬಾರಿ ಮೃದುವಾದ ಬ್ರಷ್‌ನಿಂದ ಉಜ್ಜಬೇಕು. ರೋಗಿಯ ಹಿಂದೆ ನಿಂತು, ತಲೆಯನ್ನು ಎದೆಗೆ ಒರಗಿಸಿಕೊಂಡರೆ ಕೆಲಸ ಸುಲಭ. ಹಿಡಿಕೆಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಕೈಯಲ್ಲಿ ಬಲ ಕಡಿಮೆ ಇರುವವರೂ ತಾವೇ ಹಿಡಿಯಬಲ್ಲರು. ಕನಿಷ್ಠ ಆರು ತಿಂಗಳಿಗೊಮ್ಮೆ ತಪಾಸಣೆ ತಪ್ಪಿಸಬಾರದು.

ತಂದೆತಾಯಿಗೆ ವಯಸ್ಸಾದ ಮೇಲೆ ಈ ಆರೈಕೆಯನ್ನು ಯಾರು ವಹಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆಗೆ ಚಿಕಿತ್ಸೆಗೆ ಮೊದಲೇ ಉತ್ತರ ಕಂಡುಕೊಳ್ಳಬೇಕು. ಆ ಭರವಸೆ ಇಲ್ಲದಿದ್ದಲ್ಲಿ ಇರುವ ಹಲ್ಲುಗಳನ್ನು ಉಳಿಸಿಕೊಳ್ಳುವ ಸರಳ ಚಿಕಿತ್ಸೆಯೇ ಮೇಲು.