ಬೆಳಗಿನ ಎರಡು ಗಂಟೆಗಳ ಚರಿತ್ರೆ

ಮನೆಯನ್ನು ಅಚ್ಚುಕಟ್ಟಾಗಿ ಇಟ್ಟುಕೊಳ್ಳಲು, ಬೆಳಗಿನ ಗಡಿಬಿಡಿ ತಪ್ಪಿಸಲು ಏನು ಮಾಡಬೇಕು ಎಂಬ ಸಲಹೆಗಳಿಗೆ ಇಂದು ಬರವಿಲ್ಲ. ರಾತ್ರಿಯೇ ಬಟ್ಟೆ ತೆಗೆದಿಡಿ, ಸಿಂಕ್ ಖಾಲಿ ಮಾಡಿ ಮಲಗಿ, ಬಳಸುವ ಜಾಗದ ಹತ್ತಿರವೇ ವಸ್ತುಗಳನ್ನಿಡಿ, ಡಬ್ಬಿಗಳ ಮೇಲೆ ಹೆಸರು ಬರೆಯಿರಿ, ವಾರದ ಅಡುಗೆಯನ್ನು ಮೊದಲೇ ಯೋಚಿಸಿಡಿ. ನಮ್ಮ ಮಹಿಳಾ ವಿಭಾಗದ ಗೆಳತಿಯರು ನಾಲ್ಕು ಜನ ಸೇರಿದರೂ ಮಾತು ಸುತ್ತಿ ಬಳಸಿ ಇಲ್ಲಿಗೇ ಬರುತ್ತದೆ. ಈ ಸಂಚಿಕೆಗೆ ಅಂಥದೇ ಇನ್ನೊಂದು ಪಟ್ಟಿ ಕೊಡುವ ಬದಲು, ಈ ಸಲಹೆಗಳು ಎಲ್ಲಿಂದ ಬಂದವು, ಯಾರು ಯಾರಿಗಾಗಿ ಇವನ್ನು ಕಂಡುಹಿಡಿದರು ಎಂದು ಬರೆಯೋಣ ಅನ್ನಿಸಿತು. ಇವುಗಳಲ್ಲಿ ಹಲವಕ್ಕೆ ಇಸವಿಯಿದೆ, ಹಿಂದೆ ಒಬ್ಬ ಹೆಣ್ಣುಮಗಳ ಹೆಸರಿದೆ.

ಮೊದಲಿಗೆ ಹೇಳಬೇಕಾದವರು ಅಮೆರಿಕದ ಶಿಕ್ಷಕಿ ಕ್ಯಾಥರೀನ್ ಬೀಚರ್. 1841ರಲ್ಲಿ ಗೃಹಕೃತ್ಯದ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. 1869ರಲ್ಲಿ ತಂಗಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಜೊತೆಗೂಡಿ ಇನ್ನೊಂದು ಬರೆದರು. ಹಡಗಿನ ಅಡುಗೆಕೋಣೆ ಇಷ್ಟು ಚಿಕ್ಕದಾಗಿದ್ದೂ ಅಷ್ಟೊಂದು ಜನರಿಗೆ ಊಟ ಸಿದ್ಧವಾಗುತ್ತದೆ, ಏಕೆಂದರೆ ಅಲ್ಲಿ ಪ್ರತಿಯೊಂದೂ ಕೈಗೆಟುಕುವಂತಿರುತ್ತದೆ. ಮನೆಯಲ್ಲೂ ಹಾಗೇ ಏಕಿರಬಾರದು ಎಂಬುದು ಅವರ ವಾದ. ಅವರು ಮದುವೆಯಾಗಲೇ ಇಲ್ಲ.

ಆಮೇಲೆ ಬಂದದ್ದು ಕಾರ್ಖಾನೆಯ ಕಾಲ. ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರ್ ಕೆಲಸಗಾರರ ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತು, ಯಾವ ಚಲನೆಗೆ ಎಷ್ಟು ಹೊತ್ತು ಎಂದು ಅಳೆದು, 1911ರಲ್ಲಿ ತನ್ನ ಪ್ರಸಿದ್ಧ ಪುಸ್ತಕ ಪ್ರಕಟಿಸಿದ. ಮರುವರ್ಷವೇ ಕ್ರಿಸ್ಟಿನ್ ಫ್ರೆಡರಿಕ್ ಎಂಬ ಗೃಹಿಣಿ ಅದೇ ಲೆಕ್ಕವನ್ನು ಅಡುಗೆಮನೆಗೆ ತಂದು ಮಹಿಳಾ ಪತ್ರಿಕೆಯೊಂದರಲ್ಲಿ ಲೇಖನಮಾಲೆ ಬರೆದಳು. ಪಾತ್ರೆ ತೊಳೆಯುವಾಗ ತನ್ನನ್ನು ತಾನೇ ಗಮನಿಸಿಕೊಂಡು, ಬರೀ ತೊಳೆಯುವುದರಲ್ಲೇ ಎಂಬತ್ತು ಬೇಡದ ಚಲನೆಗಳಿವೆ ಎಂದು ಎಣಿಸಿದಳು. ತೊಳೆಯುವ ಕಟ್ಟೆಯ ಎತ್ತರ ಹೆಂಗಸಿನ ಎತ್ತರಕ್ಕೆ ತಕ್ಕಂತಿರಬೇಕು, ಬೇಯಿಸುವುದಕ್ಕೆ ಬೇಕಾದದ್ದು ಒಂದು ಕಡೆ, ತೊಳೆದು ಎತ್ತಿಡುವುದಕ್ಕೆ ಬೇಕಾದದ್ದು ಇನ್ನೊಂದು ಕಡೆ ಇರಬೇಕು ಎಂದು ನಕ್ಷೆ ಬರೆದು ತೋರಿಸಿದವಳು ಅವಳೇ. ಬೆನ್ನುನೋವಿನ ಅನುಭವವಿರುವವರಿಗೆ ಕಟ್ಟೆಯ ಎತ್ತರದ ಮಾತು ಎಷ್ಟು ದೊಡ್ಡದೆಂದು ಗೊತ್ತು.

ಆದರೆ ಟೇಲರ್‌ನ ಕಾರ್ಖಾನೆಗೂ ಮನೆಗೂ ಒಂದು ವ್ಯತ್ಯಾಸವಿತ್ತು. ಕಾರ್ಖಾನೆಯಲ್ಲಿ ಯೋಜನೆ ಹಾಕುವವನೊಬ್ಬ, ಕೆಲಸ ಮಾಡುವವನೊಬ್ಬ. ಮನೆಯಲ್ಲಿ ಮ್ಯಾನೇಜರ್, ಕೂಲಿ ಎರಡೂ ಒಬ್ಬಳೇ. ಫ್ರೆಡರಿಕ್‌ಗೆ ಇದು ಗೊತ್ತಿತ್ತು, ಅದನ್ನು ಅವಳು ಒಂದು ಗೌರವದಂತೆ ಹೇಳಿದಳು. ನನಗೆ ಹಾಗನ್ನಿಸುವುದಿಲ್ಲ. ನಮ್ಮ ಆಫೀಸಿನಲ್ಲಿ ಒಂದೇ ವ್ಯಕ್ತಿಗೆ ಪ್ಲ್ಯಾನಿಂಗು, ಕೋಡಿಂಗು, ಟೆಸ್ಟಿಂಗು ಮೂರನ್ನೂ ಕೊಟ್ಟರೆ ಮೂರನೆಯ ದಿನವೇ ಜಗಳವಾಗುತ್ತದೆ. ಅಂದಹಾಗೆ, ಇದೇ ಫ್ರೆಡರಿಕ್ 1929ರಲ್ಲಿ ಬರೆದ ಇನ್ನೊಂದು ಪುಸ್ತಕ ಗೃಹಿಣಿಯರಿಗೆ ಸಾಮಾನು ಮಾರುವುದು ಹೇಗೆ ಎಂದು ವ್ಯಾಪಾರಿಗಳಿಗೆ ಹೇಳಿಕೊಡುವಂಥದ್ದು. ಅಚ್ಚುಕಟ್ಟಿನ ಮನೆಯ ಹೆಸರಿನಲ್ಲಿ ಪ್ಲಾಸ್ಟಿಕ್ ಡಬ್ಬಿ ಮಾರುವ ವಿದ್ಯೆ ಇಂದಿನದಲ್ಲ.

ಅವಳ ಪುಸ್ತಕ ಜರ್ಮನ್ ಭಾಷೆಗೆ ಹೋಯಿತು. ಅದನ್ನು ಓದಿದವರಲ್ಲಿ ಆಸ್ಟ್ರಿಯಾದ ಮೊದಲ ಮಹಿಳಾ ವಾಸ್ತುಶಿಲ್ಪಿಗಳಲ್ಲಿ ಒಬ್ಬರಾದ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಇದ್ದರು. ಮೊದಲ ಮಹಾಯುದ್ಧದ ನಂತರ ಫ್ರಾಂಕ್‌ಫರ್ಟ್ ನಗರದಲ್ಲಿ ಮನೆಗಳಿಗೆ ವಿಪರೀತ ಅಭಾವ. ಎರ್ನ್‌ಸ್ಟ್ ಮೈ ಎಂಬ ವಾಸ್ತುಶಿಲ್ಪಿಯ ನೇತೃತ್ವದಲ್ಲಿ ನಗರಾಡಳಿತ ಕಾರ್ಮಿಕರಿಗಾಗಿ ಸಾವಿರಾರು ಮನೆ ಕಟ್ಟಿಸುತ್ತಿತ್ತು. ಅವುಗಳಿಗಾಗಿ 1926ರಲ್ಲಿ ಮಾರ್ಗರೆಟೆ ರೂಪಿಸಿದ್ದೇ 'ಫ್ರಾಂಕ್‌ಫರ್ಟ್ ಅಡುಗೆಮನೆ'. ಅಗಲ 1.9 ಮೀಟರ್, ಉದ್ದ 3.4 ಮೀಟರ್. ಮುಂಬೈಯಲ್ಲಿರುವ ನಮಗೆ ಈ ಅಳತೆ ಚೆನ್ನಾಗಿಯೇ ಪರಿಚಯ! ರೈಲಿನ ಊಟದ ಬೋಗಿಯ ಅಡುಗೆಕೋಣೆಯನ್ನು ನೋಡಿ ಅವರು ಕಲಿತರು. ಅಕ್ಕಿ, ಸಕ್ಕರೆಗಳಿಗೆ ಹೆಸರು ಬರೆದ ಅಲ್ಯೂಮಿನಿಯಂ ಸೆಳೆಖಾನೆಗಳು, ಹಿಡಿ ಹಿಡಿದು ನೇರವಾಗಿ ಪಾತ್ರೆಗೆ ಸುರಿಯುವಂಥವು. ಗೋಡೆಗೆ ಮಡಚುವ ಇಸ್ತ್ರಿ ಹಲಗೆ, ಕಿಟಕಿಯ ಬಳಿ ಕೂತು ತರಕಾರಿ ಹೆಚ್ಚಲು ಕಟ್ಟೆ, ತಿರುಗುವ ಸ್ಟೂಲು. ಇಂಥ ಸುಮಾರು 10,000 ಅಡುಗೆಮನೆಗಳು ಅಲ್ಲಿ ತಯಾರಾದವು. ಇಂದು ನಾವು ಮಾಡ್ಯುಲರ್ ಕಿಚನ್ ಎನ್ನುವುದರ ಅಜ್ಜಿ ಇದು.

ಅದನ್ನು ರೂಪಿಸುವಾಗ ಮಾರ್ಗರೆಟೆಗೆ ಅಡುಗೆ ಮಾಡಿದ ಅನುಭವವೇ ಇರಲಿಲ್ಲ, ಮನೆ ನಡೆಸಿಯೂ ಗೊತ್ತಿರಲಿಲ್ಲ. ಇದನ್ನು ಅವರೇ ಮುಂದೆ ಬಾಯಿಬಿಟ್ಟು ಹೇಳಿದ್ದಾರೆ. ಹೊರಗೆ ದುಡಿಯುವ ಹೆಣ್ಣಿಗೆ ಮನೆಗೆಲಸ ಬೇಗ ಮುಗಿಯಲಿ ಎಂಬುದು ಅವರ ಆಸೆ. ನಾಜಿಗಳ ವಿರುದ್ಧ ಕೆಲಸ ಮಾಡಿ 1941ರಿಂದ 1945ರವರೆಗೆ ಸೆರೆಯಲ್ಲಿದ್ದ ಗಟ್ಟಿಗಿತ್ತಿ, 2000ನೇ ಇಸವಿಯವರೆಗೂ ಬದುಕಿದ್ದರು. ಆದರೆ ಅವರ ಅಡುಗೆಮನೆಯಲ್ಲಿ ಒಂದು ತೊಡಕು ಹಾಗೇ ಉಳಿಯಿತು. ಅದರೊಳಗೆ ಇಬ್ಬರು ನಿಲ್ಲಲಾಗದು. ಹೆಜ್ಜೆ ಉಳಿಸಲು ಹೋಗಿ ಜಾಗವನ್ನು ಎಷ್ಟು ಬಿಗಿ ಮಾಡಿದರೆಂದರೆ, ಗಂಡ ಒಳಗೆ ಬಂದು ಒಂದು ಕೈ ಹಚ್ಚೋಣವೆಂದರೂ ಜಾಗವಿಲ್ಲ. ಹೆಣ್ಣನ್ನು ಒಂಟಿಯಾಗಿ ಒಳಗೆ ಕೂಡಿಹಾಕಿತು ಎಂದು ಮುಂದಿನ ಪೀಳಿಗೆಯ ಸ್ತ್ರೀವಾದಿಗಳು ಇದನ್ನು ಟೀಕಿಸಿದರು.

ನನಗೆ ಈ ಚರಿತ್ರೆಯಲ್ಲಿ ತುಂಬ ಹತ್ತಿರದವರೆನಿಸುವುದು ಲಿಲಿಯನ್ ಗಿಲ್‌ಬ್ರೆತ್. ಎಂ.ಟೆಕ್. ಓದುವಾಗ ಕೈಗಾರಿಕಾ ಎಂಜಿನಿಯರಿಂಗ್ ಪಾಠದಲ್ಲಿ 'ಥರ್ಬ್ಲಿಗ್' ಎಂಬ ಪದ ಬಂದಿತ್ತು. ಕೈಕೆಲಸವನ್ನು ಹುಡುಕು, ಹಿಡಿ, ಸಾಗಿಸು ಎಂದು ಸಣ್ಣ ಸಣ್ಣ ಚೂರುಗಳಾಗಿ ಒಡೆಯುವ ವಿಧಾನ ಅದು. ಗಿಲ್‌ಬ್ರೆತ್ ಎಂಬ ಹೆಸರನ್ನೇ ಹೆಚ್ಚುಕಡಿಮೆ ತಿರುಗುಮುರುಗು ಮಾಡಿದರೆ ಆ ಪದ ಸಿಗುತ್ತದೆ. ಲಿಲಿಯನ್ ಮತ್ತು ಗಂಡ ಫ್ರಾಂಕ್ ಇಬ್ಬರೂ ಕೂಡಿ ಈ ಶಾಸ್ತ್ರ ಕಟ್ಟಿದರು. ಅವರಿಗೆ ಹನ್ನೆರಡು ಮಕ್ಕಳು. 1924ರಲ್ಲಿ ಫ್ರಾಂಕ್ ಹಠಾತ್ತನೆ ತೀರಿಕೊಂಡಾಗ, ಡಾಕ್ಟರೇಟ್ ಪಡೆದಿದ್ದ ಈ ವಿಧವೆಗೆ ಕಾರ್ಖಾನೆಗಳು ಕೆಲಸ ಕೊಡಲು ಹಿಂಜರಿದವು. ಹೆಂಗಸಿಗೆ ಅಡುಗೆಮನೆಯ ವಿಷಯವಾದರೆ ಒಪ್ಪಿಗೆ. ಸರಿ, ಅವರು ಅದಕ್ಕೇ ಕೈಹಾಕಿದರು. 1929ರಲ್ಲಿ ಬ್ರೂಕ್ಲಿನ್‌ನ ಗ್ಯಾಸ್ ಕಂಪನಿಯೊಂದಕ್ಕಾಗಿ ರೂಪಿಸಿದ ಅಡುಗೆಮನೆಯಲ್ಲಿ ಒಂದು ಸ್ಟ್ರಾಬೆರಿ ಕೇಕ್ ಮಾಡಲು ಬೇಕಾಗುತ್ತಿದ್ದ 281 ಹೆಜ್ಜೆಗಳನ್ನು 45ಕ್ಕೆ ಇಳಿಸಿದರು. ಕಾಲಿನಿಂದ ಒತ್ತಿ ತೆರೆಯುವ ಕಸದ ಡಬ್ಬಿ, ಫ್ರಿಜ್ ಬಾಗಿಲಿನ ಒಳಗಿನ ಅಡ್ಡಪಟ್ಟಿಗಳು ಅವರ ಹೆಸರಿನೊಂದಿಗೇ ಸೇರಿಕೊಂಡಿವೆ. ತಮಾಷೆಯೆಂದರೆ ಸ್ವಂತ ಮನೆಯಲ್ಲಿ ಅವರು ಸೌಟು ಹಿಡಿದದ್ದು ಕಡಿಮೆ. ಮನೆಗೆಲಸಕ್ಕೆ ಜನರಿದ್ದರು, ಜೊತೆಯಲ್ಲಿ ಅತ್ತೆಯೂ ಇದ್ದರು.

ಆದರೆ ಆ ಮನೆಯ ಬೆಳಗು ಸಲೀಸಾದದ್ದು ಕಾಲೊತ್ತುವ ಡಬ್ಬಿಯಿಂದಲ್ಲ. ಮಕ್ಕಳಿಬ್ಬರು 1948ರಲ್ಲಿ ಬರೆದ 'ಚೀಪರ್ ಬೈ ದ ಡಜನ್' ಎಂಬ ಪುಸ್ತಕದಲ್ಲಿ ಅದರ ವಿವರವಿದೆ. ಬಚ್ಚಲುಮನೆಯಲ್ಲಿ ಒಂದು ಚಾರ್ಟ್. ಹಲ್ಲುಜ್ಜಿದ್ದು, ಸ್ನಾನ ಮಾಡಿದ್ದು, ತಲೆ ಬಾಚಿದ್ದು, ಹಾಸಿಗೆ ಸರಿಮಾಡಿದ್ದು - ಬರೆಯಲು ಬರುವ ಪ್ರತಿಯೊಂದು ಮಗುವೂ ಬೆಳಿಗ್ಗೆ ಅದರಲ್ಲಿ ತನ್ನ ರುಜು ಹಾಕಬೇಕು. ಇದೇ ಪುಸ್ತಕದಲ್ಲಿ ಅಪ್ಪ ಎರಡು ರೇಜರ್‌ಗಳಿಂದ ಏಕಕಾಲಕ್ಕೆ ಗಡ್ಡ ಕೆರೆದು 44 ಸೆಕೆಂಡ್ ಉಳಿಸಿ, ಗಾಯಕ್ಕೆ ಪಟ್ಟಿ ಕಟ್ಟಲು ಎರಡು ನಿಮಿಷ ಕಳೆದ ಕಥೆಯೂ ಇದೆ.

1983ರಲ್ಲಿ ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಸ್ ಕೋವನ್ ಒಂದು ಸರಳ ಪ್ರಶ್ನೆ ಕೇಳಿದರು. ಇಷ್ಟೆಲ್ಲ ಯಂತ್ರ, ಇಷ್ಟೆಲ್ಲ ವಿಧಾನ ಬಂದ ಮೇಲೂ ಹೆಂಗಸಿನ ಕೆಲಸದ ಹೊತ್ತು ಏಕೆ ಇಳಿಯಲಿಲ್ಲ? ಅವರ 'ಮೋರ್ ವರ್ಕ್ ಫಾರ್ ಮದರ್' ಪುಸ್ತಕದ ಉತ್ತರ ಕಣ್ಣು ತೆರೆಸುವಂಥದ್ದು. ಕಬ್ಬಿಣದ ಒಲೆ ಬಂದಾಗ ಸೌದೆ ಕಡಿಮೆ ಸಾಕಾಯಿತು. ಸೌದೆ ಕಡಿಯುತ್ತಿದ್ದವರು ಗಂಡಸರು, ಹುಡುಗರು. ಅವರ ಕೆಲಸ ಉಳಿಯಿತು. ಅಡುಗೆ ಮಾಡುವವಳಿಗೆ ಮಾತ್ರ ಒಂದು ಬೋಗುಣಿಯ ಬದಲು ಮೂರು ಬಗೆ ಬೇಯಿಸುವ ನಿರೀಕ್ಷೆ ಶುರುವಾಯಿತು. ಬಟ್ಟೆ ಒಗೆಯುವ ಯಂತ್ರ ಮನೆಗೆ ಬಂದಾಗ ಹೊರಗಿನ ಲಾಂಡ್ರಿಗೆ ಹೋಗುತ್ತಿದ್ದ ಬಟ್ಟೆಯೂ ಅವಳ ಪಾಲಿಗೇ ಬಂತು. ಯಂತ್ರ ಮೊದಲು ಬಿಡುಗಡೆ ಮಾಡಿದ್ದು ಅವಳ ಸುತ್ತಲಿದ್ದ ಸಹಾಯದ ಕೈಗಳನ್ನು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಅತ್ತೆಯವರು ಹೇಳುವ ಪರೇಲಿನ ಬೆಳಗುಗಳು. 1970ರ ದಶಕ, ಚಾಳಿನ ಒಂದೇ ಕೋಣೆ, ಮನೆಯಲ್ಲಿ ಏಳು ಜನ. ಮುಂಬೈಯ ಬೆಳಗು ಮೊದಲಿಂದಲೂ ಗಡಿಯಾರಕ್ಕೆ ಕಟ್ಟಿಬಿದ್ದದ್ದು. 1906ರಲ್ಲಿ ಭಾರತಕ್ಕೆಲ್ಲ ಒಂದೇ ಸಮಯ ಬಂದಾಗಲೂ ಈ ಊರು ಅದಕ್ಕಿಂತ 39 ನಿಮಿಷ ಹಿಂದಿನ ತನ್ನದೇ 'ಬಾಂಬೆ ಟೈಮ್' ಅನ್ನು 1955ರವರೆಗೆ ಬಿಡಲಿಲ್ಲ. ಒಂದೇ ಊರಿನಲ್ಲಿ ಎರಡು ಸಮಯ ಇಟ್ಟುಕೊಂಡು ಹೆಂಗಸರು ಡಬ್ಬಿ ಹೇಗೆ ಕಟ್ಟಿದರೋ! ಅತ್ತೆಯವರ ಕಾಲಕ್ಕೆ ಗಡಿಯಾರವೆಂದರೆ ಗಿರಣಿಯ ಭೋಂಗಾ. ಅದು ಕೂಗುವ ಮೊದಲೇ ನಲ್ಲಿ ಬರುವ ಹೊತ್ತು. ಅರ್ಧ ಗಂಟೆ ನೀರು ಬಂದರೆ ಅಷ್ಟರಲ್ಲೇ ಪೀಪಾಯಿ, ಹಂಡೆ, ಕೊಡ ಎಲ್ಲ ತುಂಬಬೇಕು. ನೀರು ಹಿಡಿಯುತ್ತಿದ್ದವರು ಮಾವ ಮತ್ತು ಮೈದುನ. ಸರ್ಕಾರಿ ಹಾಲಿನ ಕೇಂದ್ರದ ಮುಂದೆ ಕಾರ್ಡು, ಖಾಲಿ ಬಾಟಲಿ ಹಿಡಿದು ಕತ್ತಲಲ್ಲೇ ಸಾಲು ನಿಲ್ಲುತ್ತಿದ್ದವರು ನನ್ನ ಪತಿಯ ಅಣ್ಣ, ಆಗ ಹತ್ತು ವರ್ಷದ ಹುಡುಗ. ರೇಷನ್ ಸೀಮೆಎಣ್ಣೆಯ ಸಾಲೂ ಮಕ್ಕಳದೇ. ಅಡುಗೆ, ಡಬ್ಬಿ, ಪಾತ್ರೆ ಅತ್ತೆಯದು.

ಆಮೇಲೆ ಒಂದೊಂದಾಗಿ ಎಲ್ಲ ಬಂತು. ಅಡುಗೆ ಅನಿಲ ಮುಂಬೈಗೆ 1950ರ ದಶಕದಲ್ಲೇ ಕಾಲಿಟ್ಟಿದ್ದರೂ ಅವರ ಕೋಣೆಗೆ ಬರಲು ಎಷ್ಟೋ ವರ್ಷ ಕಾಯಬೇಕಾಯಿತು. ಇದೇ ಊರಿನಲ್ಲಿ 1959ರಲ್ಲಿ ಶುರುವಾದ ಹಾಕಿನ್ಸ್ ಕಂಪನಿಯ ಪ್ರೆಶರ್ ಕುಕ್ಕರ್ ಅದಕ್ಕೂ ಮೊದಲೇ ಬಂದಿತ್ತು. ಮಿಕ್ಸರ್‌ನದು ಚೆಂದದ ಕಥೆ. 1960ರ ದಶಕದಲ್ಲಿ ಮಾಧುರಿ ಮಾಥುರ್ ಎಂಬವರ ವಿದೇಶಿ ಮಿಕ್ಸರ್ ನಮ್ಮ ದೇಶದ ಅಡುಗೆ ಅರೆಯಲಾಗದೆ ಕೆಟ್ಟು ನಿಂತಾಗ, ಎಂಜಿನಿಯರ್ ಪತಿ ಸತ್ಯಪ್ರಕಾಶ್ ಮಾಥುರ್ ನಮ್ಮ ಉದ್ದು, ತೆಂಗು, ಅರಿಶಿನಕ್ಕೆ ಜಗ್ಗದ ಮೋಟಾರು ಕಟ್ಟಿದರು. ಅದೇ 'ಸುಮೀತ್'. ನಮ್ಮ ಅಮ್ಮಂದಿರ ರಟ್ಟೆ ಉಳಿಸಿದ ಈ ಯಂತ್ರಕ್ಕೆ ನನ್ನ ನಮಸ್ಕಾರವಿದೆ.

ಆದರೆ ಲೆಕ್ಕ ಹಾಕಿ ನೋಡಿ. ಇಡೀ ದಿನ ನಲ್ಲಿ ನೀರು, ಬಾಗಿಲಿಗೆ ಹಾಲಿನ ಪ್ಯಾಕೆಟ್, ಸಿಲಿಂಡರ್ ಬಂದ ಮೇಲೆ ಬೆಳಿಗ್ಗೆ ಯಾರ ಕೆಲಸ ಪೂರ್ತಿ ಮುಗಿದುಹೋಯಿತು? ಮಾವನದು, ಮೈದುನನದು, ಹುಡುಗರದು. ಕುಕ್ಕರ್, ಮಿಕ್ಸರ್ ಬಂದ ಮೇಲೆ ಅತ್ತೆಗೆ ಬೆಳಿಗ್ಗೆ ಚಪಾತಿ ಪಲ್ಯದ ಜೊತೆಗೆ ಇಡ್ಲಿ ಚಟ್ನಿಯನ್ನೂ ಮಾಡುವುದು ಸಾಧ್ಯವಾಯಿತು, ಸಾಧ್ಯವಾದದ್ದು ಆಮೇಲೆ ರೂಢಿಯಾಯಿತು. "ಮೊದಲು ಎಲ್ಲರೂ ಏಳುತ್ತಿದ್ದರು, ಆಮೇಲೆ ನಾನೊಬ್ಬಳೇ ಏಳತೊಡಗಿದೆ" ಎನ್ನುತ್ತಾರೆ. ಕೋವನ್ ಒಂದು ಇಡೀ ಪುಸ್ತಕದಲ್ಲಿ ಹೇಳಿದ್ದು ಇಷ್ಟೇ ಅಲ್ಲವೇ.

ರಾತ್ರಿಯೇ ತಯಾರಿ ಮಾಡಿಕೊಳ್ಳುವ ಬುದ್ಧಿಯನ್ನು ನಾವು ಯಾರಿಂದಲೂ ಕಡ ತರಬೇಕಾಗಿಲ್ಲ. ಉಡುಪಿ ಕಡೆಯ ನಮ್ಮ ಅಜ್ಜಿಯ ಮನೆಯಲ್ಲಿ ಮಲಗುವ ಮೊದಲು ಹಾಲಿಗೆ ಹೆಪ್ಪು ಬೀಳಬೇಕು, ಹೆಸರುಕಾಳು ನೆನೆಯಬೇಕು, ಉದ್ದು ಅಕ್ಕಿ ಕಡೆದು ಮುಚ್ಚಿಡಬೇಕು, ಬಚ್ಚಲ ಹಂಡೆಗೆ ನೀರು ತುಂಬಿರಬೇಕು, ಒಲೆಯ ಕೆಂಡದ ಮೇಲೆ ಬೂದಿ ಮುಚ್ಚಿರಬೇಕು. ಬೆಳಿಗ್ಗೆ ಬೂದಿ ಸರಿಸಿ ಊದಿದರೆ ಬೆಂಕಿ ಸಿದ್ಧ. ಕಡೆಯುವ ಕಲ್ಲಿಗೆ ಅಜ್ಜಿಯೊಂದಿಗೆ ದೊಡ್ಡಮ್ಮ ಕೂರುತ್ತಿದ್ದರು, ಹಂಡೆಗೆ ನೀರು ಸೇದುವುದು ಮಾವಂದಿರ ಕೆಲಸ. ಕಷ್ಟದ ದುಡಿಮೆಯೇ ಹೌದು, ಆ ಕಾಲ ಮರಳಿ ಬರಲಿ ಎಂದು ನಾನು ಹೇಳಲಾರೆ. ಆದರೆ ಅಲ್ಲಿ ಯಾವ ಕೆಲಸ ಯಾರದು ಎಂದು ಮನೆಯವರಿಗೆಲ್ಲ ತಿಳಿದಿತ್ತು.

ನಮ್ಮ ಸರ್ಕಾರದ ಸಮಯ ಬಳಕೆ ಸಮೀಕ್ಷೆ 2019ರಲ್ಲಿ ನಡೆದಾಗ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು. 2024ರಲ್ಲಿ ಅದು 289 ಮತ್ತು 88. ಹತ್ತು ನಿಮಿಷ ನಮಗೆ ಉಳಿದಿದೆ, ಒಂಬತ್ತು ನಿಮಿಷ ಅವರಿಗೂ ಉಳಿದಿದೆ! ನಡುವಿನ ಅಂತರ ಹೆಚ್ಚುಕಡಿಮೆ ಇದ್ದಲ್ಲೇ ಇದೆ.

ಇಷ್ಟೆಲ್ಲ ಓದಿದ ಮೇಲೆ ನಮ್ಮ ಡೊಂಬಿವಲಿಯ ಮನೆಗೆ ನಾನು ತಂದದ್ದು ಎರಡೇ. ಒಂದು, ಮಾರ್ಗರೆಟೆಯ ಹೆಸರು ಬರೆದ ಡಬ್ಬಿಗಳು. ತೊಗರಿಬೇಳೆ ಎಲ್ಲಿದೆಯೆಂದು ನನಗೆ ಗೊತ್ತು, ಹೆಸರು ಬೇಕಾದದ್ದು ಉಳಿದವರಿಗೆ. ಎರಡನೇ ಕ್ಲಾಸಿನ ಮಗಳು ಕನ್ನಡ ಅಕ್ಷರ ಕಲಿಯುತ್ತಿರುವುದರಿಂದ ಚೀಟಿಗಳನ್ನು ಬರೆದವಳು ಅವಳೇ. 'ಕಡ್ಲೆಬೆಳೆ' ಎಂದು ಬರೆದದ್ದನ್ನು ಹಾಗೇ ಅಂಟಿಸಿದ್ದೇವೆ. ಇನ್ನೊಂದು, ಲಿಲಿಯನ್ ಮನೆಯ ಚಾರ್ಟ್. ಫ್ರಿಜ್ ಬಾಗಿಲ ಮೇಲಿದೆ. ನೀರಿನ ಬಾಟಲಿ ತುಂಬುವುದು, ರಾತ್ರಿ ತರಕಾರಿ ಹೆಚ್ಚಿಡುವುದು, ಯೂನಿಫಾರ್ಮ್ ಇಸ್ತ್ರಿ, ಸಿಂಕ್ ಖಾಲಿ ಮಾಡುವುದು, ಎಲ್ಲದರ ಮುಂದೆ ಮಾಡಿದವರ ರುಜು. ಹೆಪ್ಪು ಹಾಕುವ ಸಾಲನ್ನು ಅತ್ತೆಯವರು ಬೇರೆ ಯಾರಿಗೂ ಬಿಟ್ಟುಕೊಡುವುದಿಲ್ಲ. ಚಪಾತಿಯ ಸಾಲಿನಲ್ಲಿ ವಾರಕ್ಕೆ ಮೂರು ದಿನ ನನ್ನ ಪತಿಯ ರುಜು ಇರುತ್ತದೆ, ಚಪಾತಿಯ ಆಕಾರದ ಬಗ್ಗೆ ಚಾರ್ಟಿನಲ್ಲಿ ಕಾಲಂ ಇಲ್ಲ.

ಕೊನೆಯ ಸಾಲು ಒಂದಿದೆ: 'ಏನು ಮುಗಿಯುತ್ತಾ ಬಂದಿದೆ ಎಂದು ನೋಡುವುದು'. ಫ್ರೆಡರಿಕ್ ಹೇಳಿದ ಮ್ಯಾನೇಜರ್ ಕೆಲಸ ಇದೇ. ಮೂರು ತಿಂಗಳಿಂದ ಅದರ ಮುಂದೆ ನನ್ನ ರುಜುವೇ ಬೀಳುತ್ತಿತ್ತು. ಬರುವ ಒಂದನೇ ತಾರೀಖಿನಿಂದ ಅದು ಪತಿಯ ಹೆಸರಿಗೆ ವರ್ಗವಾಗುತ್ತಿದೆ. ಮೊದಲ ವಾರ ಕಾಫಿಪುಡಿ ಮುಗಿದರೂ ನಾನು ಬಾಯಿಬಿಡಬಾರದೆಂದು ಅತ್ತೆಯವರು ಈಗಲೇ ತಾಕೀತು ಮಾಡಿದ್ದಾರೆ.