ಪ್ಯಾಕೆಟ್ ಹೋಯ್ತು, ಹೊಟ್ಟೆನೋವು ಉಳೀತು

ನಾನು ಬೆಳೆದಿದ್ದು ಕಾಮಾಕ್ಷಿಪಾಳ್ಯದಲ್ಲಿ. ಚಿಕ್ಕವನಿದ್ದಾಗ ಮೋರಿ ಪಕ್ಕ ಖಾಲಿ ಸಾರಾಯಿ ಪ್ಯಾಕೆಟ್‌ಗಳು ಬಿದ್ದಿರ್ತಿದ್ವು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯ್ತು. ಪ್ಯಾಕೆಟ್ ಮಾಯ. ಪಕ್ಕದ್ಮನೆ ಅಂಕಲ್ ಅಗ್ಗದ ವಿಸ್ಕಿಗೆ ಹೊರಳಿದ್ರು. ‘ಇದು ಒಳ್ಳೆ ಮಾಲು ಕಣೋ’ ಅಂತಿದ್ರು.

ಆದರೆ ಜಠರದ ಹಿಂದಿರುವ ಮೇದೋಜೀರಕ ಗ್ರಂಥಿಗೆ ಎರಡೂ ಒಂದೇ. ಎರಡರಲ್ಲೂ ಇರೋದು ಅದೇ ಆಲ್ಕೋಹಾಲ್. ವರ್ಷಗಟ್ಟಲೆ ವಿಪರೀತ ಕುಡಿದರೆ, ಜೊತೆಗೆ ಬೀಡಿಯೂ ಸೇರಿದರೆ, ಕೆಲವರಲ್ಲಿ ಗ್ರಂಥಿ ಗಟ್ಟಿಯಾಗುತ್ತೆ. ಜೀರ್ಣರಸ, ಇನ್ಸುಲಿನ್ ಎರಡೂ ಕಡಿಮೆಯಾಗುತ್ತೆ. ಜಿಡ್ಡಿನ ಊಟ ಅರಗಲ್ಲ, ತೂಕ ಇಳಿಯುತ್ತೆ, ಸಕ್ಕರೆ ಕಾಯಿಲೆಯೂ ಬರಬಹುದು.

ಅಂಕಲ್‌ಗೆ ಊಟ ಆದ್ಮೇಲೆ ಬೆನ್ನಿನವರೆಗೂ ನೋವು. ಗ್ಯಾಸ್ ಅಂದ್ಕೊಂಡು ವರ್ಷಗಟ್ಟಲೆ ಸೋಡಾ ಕುಡಿದ್ರು. ನಿಮ್ಮನೇಲಿ ಯಾರಾದ್ರೂ ಹಾಗೆ ಹೊಟ್ಟೆ ಹಿಡ್ಕೊಂಡು ಕೂತ್ರೆ, ಸೋಡಾ ತರಬೇಡಿ. ಡಾಕ್ಟರ್ ಹತ್ರ ಕರ್ಕೊಂಡು ಹೋಗಿ.