ಎಂ ಅಂದರೆ ಮೋಕ್ಷಗುಂಡಂ, ಎಚ್ ಅಂದರೆ ಹೊಸೂರು

ಹೊರದೇಶದಲ್ಲಿರುವ ಗೆಳೆಯರೊಬ್ಬರು ಮೊನ್ನೆ ಫೋನ್ ಮಾಡಿದಾಗ, "ನಿಮ್ಮ ಕಡೆಯವರ ಸರ್‌ನೇಮ್ ಯಾವುದು? ಅದಕ್ಕೆ ಅರ್ಥ ಏನು? ಎಷ್ಟು ಜನ ಇದ್ದೀರಿ?" ಅಂತ ಒಂದೇ ಉಸಿರಿನಲ್ಲಿ ಕೇಳಿದರು. ಅವರಿರುವ ಕಡೆ ಎಲ್ಲರೂ ತಮ್ಮ ಮನೆತನದ ಹೆಸರಿನ ಮೂಲ ಹುಡುಕುವ ಹುಚ್ಚು ಹಚ್ಚಿಕೊಂಡಿದ್ದಾರಂತೆ. ನಮ್ಮದು ಚಿಕ್ಕಬಳ್ಳಾಪುರದ ಸೀಮೆ. ನಮ್ಮಲ್ಲಿ ಹೆಸರಿನ ಮುಂದೆ ಒಂದೋ ಎರಡೋ ಅಕ್ಷರ ಇರುತ್ತೆ, ಹೆಸರಿನ ಹಿಂದೆ ಏನೂ ಇರೋದಿಲ್ಲ. ಹಾಗಾಗಿ "ಸರ್‌ನೇಮ್ ಇಲ್ಲ, ಇನಿಷಿಯಲ್ ಇದೆ" ಅಂದೆ. "ಎರಡೂ ಒಂದೇ ಅಲ್ವಾ?" ಅಂದರು. ಒಂದೇ ಅಲ್ಲ. ಯಾಕೆ ಅಲ್ಲ ಅನ್ನೋದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆಯೋಣ ಅನ್ನಿಸಿತು.

ಮೊದಲು ಸರ್‌ನೇಮ್ ಇರುವವನ ಕಥೆಯಿಂದಲೇ ಶುರು ಮಾಡೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ನೋಡಿಕೊಂಡು ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಒಬ್ಬ ವೈದ್ಯನನ್ನು ಕಳಿಸಿದ. ಅವನೇ ಫ್ರಾನ್ಸಿಸ್ ಬುಕಾನನ್, 1762ರಲ್ಲಿ ಹುಟ್ಟಿದ ಸ್ಕಾಟ್‌ಲೆಂಡಿನವನು. 1800ರಲ್ಲಿ ನಮ್ಮ ಚಿಕ್ಕಬಳ್ಳಾಪುರದ ಮೇಲೂ ಹಾದುಹೋದ. ಬೆಳೆ, ಕೆರೆ, ಮಗ್ಗ, ಜಾತಿ, ಕಂದಾಯ ಎಲ್ಲವನ್ನೂ ಕೇಳಿ ಕೇಳಿ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟವಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಹಳೇ ಮೈಸೂರಿನ ಚರಿತ್ರೆ ಬರೆಯುವವರು ಇವತ್ತಿಗೂ ಆ ಪುಸ್ತಕ ಬಿಟ್ಟು ಮುಂದೆ ಹೋಗೋದಿಲ್ಲ.

ಈ 'ಬುಕಾನನ್' ಅನ್ನೋದು ಮೂಲದಲ್ಲಿ ಒಂದು ಊರಿನ ಹೆಸರು! ಸ್ಕಾಟ್‌ಲೆಂಡಿನ ಲಾಖ್ ಲೋಮಂಡ್ ಸರೋವರದ ಪೂರ್ವದ ದಂಡೆಯಲ್ಲಿ ಆ ಹೆಸರಿನ ಸೀಮೆ ಇದೆ. ಗೇಲಿಕ್ ಭಾಷೆಯಲ್ಲಿ 'ಪಾದ್ರಿಯ ಮನೆ' ಅನ್ನುವಂಥ ಅರ್ಥ ಹೇಳುತ್ತಾರೆ. ಆ ಜಮೀನು ಹಿಡಿದವರು ಆ ಹೆಸರು ಇಟ್ಟುಕೊಂಡರು. ಆಮೇಲೆ ಜಮೀನು ಕೈಬಿಟ್ಟರೂ, ಮಕ್ಕಳು ಮೊಮ್ಮಕ್ಕಳು ಸಮುದ್ರ ದಾಟಿದರೂ ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಅಮೆರಿಕದ ಹದಿನೈದನೇ ಅಧ್ಯಕ್ಷನೂ ಬುಕಾನನ್ನೇ. ಹಾಗೇ 'ಮ್ಯಾಕ್' ಅಂದರೆ ಮಗ. ಮ್ಯಾಕ್‌ಡೊನಾಲ್ಡ್ ಅಂದರೆ ಡೊನಾಲ್ಡನ ಮಗ. ಮೊದಲು ಅದು ನಿಜವಾಗಿಯೂ ಅಪ್ಪನ ಹೆಸರೇ ಆಗಿತ್ತು. ಒಂದು ಕಾಲಕ್ಕೆ ಬಂದು ಗಟ್ಟಿಯಾಗಿ ನಿಂತುಬಿಟ್ಟಿತು. ಈಗ ಅಪ್ಪನ ಹೆಸರು ಪೀಟರ್ ಆಗಿದ್ದರೂ ಮಗ ಮ್ಯಾಕ್‌ಡೊನಾಲ್ಡೇ.

ನಮ್ಮ ಬುಕಾನನ್ ಸಾಹೇಬನ ಕಥೆ ಇನ್ನೂ ಮಜವಾಗಿದೆ. 1815ರಲ್ಲಿ ಭಾರತ ಬಿಟ್ಟು ಹೋದ ಮೇಲೆ ಅವನಿಗೆ ತಾಯಿ ಕಡೆಯ ಆಸ್ತಿ ಬಂತು. ಆಸ್ತಿಯ ಜೊತೆಗೆ ತಾಯಿಯ ಮನೆತನದ 'ಹ್ಯಾಮಿಲ್ಟನ್' ಅನ್ನೋ ಹೆಸರನ್ನೂ ತಗೊಂಡ. ಹಾಗಾಗಿ ಮೈಸೂರಿನ ಚರಿತ್ರೆಯಲ್ಲಿ ಅವನು ಬುಕಾನನ್. ಗಿಡಗಳ ವೈಜ್ಞಾನಿಕ ಹೆಸರಿನ ಮುಂದೆ ಬುಕಾನನ್-ಹ್ಯಾಮಿಲ್ಟನ್. ಮೀನುಗಳ ವಿಷಯಕ್ಕೆ ಬಂದರೆ ಬರೀ ಹ್ಯಾಮಿಲ್ಟನ್. ನಮ್ಮ ಕೆರೆಗಳಲ್ಲಿ ಬಿಟ್ಟು ಸಾಕುವ ರೋಹು, ಕಾಟ್ಲಾ ಮೀನುಗಳ ವೈಜ್ಞಾನಿಕ ಹೆಸರಿನ ಮುಂದೆ 'ಹ್ಯಾಮಿಲ್ಟನ್, 1822' ಅಂತಲೇ ಇರುತ್ತೆ. ಮನುಷ್ಯ ಒಬ್ಬನೇ, ಆಸ್ತಿಯ ಹಿಂದೆ ಹೆಸರು ಹೋಯಿತು ಅಷ್ಟೇ :-)

ಈಗ ನಮ್ಮ ಕಡೆ ಬನ್ನಿ. ನಮ್ಮ ನಾಲ್ಕು ತಾಲ್ಲೂಕುಗಳ ಸುತ್ತಲಿಂದಲೇ ಮೂರು ಹೆಸರು ತಗೊಳ್ಳೋಣ. ಮೂರೂ ಎಲ್ಲರಿಗೂ ಗೊತ್ತಿರುವಂಥವು.

ಒಂದು, ಎಂ. ವಿಶ್ವೇಶ್ವರಯ್ಯ. ಹುಟ್ಟಿದ್ದು ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿ. ಹಾಗಾದರೆ ಎಂ ಅಂದರೆ ಮುದ್ದೇನಹಳ್ಳಿಯೇ? ಅಲ್ಲ, ಮೋಕ್ಷಗುಂಡಂ. ಅದು ಆಂಧ್ರದ ಗಿದ್ದಲೂರಿನ ಕಡೆಯ ಒಂದು ಹಳ್ಳಿ. ಗುಂಡಂ ಅಂದರೆ ತೆಲುಗಿನಲ್ಲಿ ಹೊಂಡ. ಅವರ ಪೂರ್ವಿಕರು ಆ ಊರು ಬಿಟ್ಟು ಸುಮಾರು ಮುನ್ನೂರು ವರ್ಷವಾಗಿತ್ತು ಅನ್ನುತ್ತಾರೆ. ಊರು ಬಿಟ್ಟರು, ರಾಜ್ಯ ಬದಲಾಯಿತು, ಆದರೆ ಹೆಸರಿನ ಮುಂದಿನ ಆ ಒಂದು ಅಕ್ಷರ ಬಿಡಲಿಲ್ಲ. ತೆಲುಗಿನಲ್ಲಿ ಇದಕ್ಕೆ 'ಇಂಟಿ ಪೇರು' ಅನ್ನುತ್ತಾರೆ, ಅಂದರೆ ಮನೆಯ ಹೆಸರು. ಸ್ಕಾಟ್‌ಲೆಂಡಿನ ಬುಕಾನನ್‌ಗೆ ಹತ್ತಿರ ಬರುವುದು ಇದೊಂದೇ. ಊರಿನ ಹೆಸರು, ತಲೆಮಾರಿನಿಂದ ತಲೆಮಾರಿಗೆ ಇಳಿದದ್ದು. ವ್ಯತ್ಯಾಸ ಏನಪ್ಪಾ ಅಂದರೆ ಅವರದ್ದು ಹಿಂದೆ, ನಮ್ಮದ್ದು ಮುಂದೆ. 1915ರಲ್ಲಿ ಅವರಿಗೆ ಸರ್ ಪದವಿ ಬಂದಾಗ ನಮ್ಮ ಜನ 'ಸರ್ ಎಂ.ವಿ.' ಅಂದುಬಿಟ್ಟರು. ಇಂಗ್ಲಿಷರ ಪದ್ಧತಿಯಲ್ಲಿ ಸರ್ ಆದಮೇಲೆ ಸ್ವಂತ ಹೆಸರು ಬರಬೇಕು. ನಮಗೆ ಅಕ್ಷರಗಳೇ ಸಾಕಾದವು.

ಎರಡು, ಎಚ್. ನರಸಿಂಹಯ್ಯ. 1920ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದವರು. ಬಡ, ಹಿಂದುಳಿದ ಕುಟುಂಬ. ಮುಂದೆ ನ್ಯಾಷನಲ್ ಕಾಲೇಜಿನ ಎಚ್ಚೆನ್ ಆಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, 2005ರಲ್ಲಿ ತೀರಿಕೊಂಡರು. ಇಲ್ಲಿ ಎಚ್ ಅನ್ನೋದು ಸ್ವತಃ ಹುಟ್ಟಿದ ಊರು. ಪೂರ್ವಿಕರು ಬಿಟ್ಟುಬಂದ ಊರಲ್ಲ. ಹೊಸೂರು ಅಂದರೆ ಹೊಸ ಊರು, ಇಂಥ ಹೊಸೂರುಗಳು ಎಷ್ಟಿವೆಯೋ ಲೆಕ್ಕವಿಲ್ಲ. ತಮಿಳುನಾಡಿನ ಗಡಿಯಲ್ಲೂ ಒಂದು ದೊಡ್ಡ ಹೊಸೂರಿದೆ.

ಮೂರು, ಸಿ.ಎನ್.ಆರ್. ರಾವ್. ಚಿಂತಾಮಣಿ ನಾಗೇಶ ರಾಮಚಂದ್ರ ರಾವ್. ಸಿ ಊರು, ಎನ್ ಅಪ್ಪ, ಆರ್ ತಾನು. ಆದರೆ ಇವರು 1934ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ! ಅಂದರೆ ಹುಟ್ಟಿದ ಊರನ್ನಲ್ಲ, ಮನೆತನದ ಊರನ್ನು ಹೊತ್ತವರು. ಇನ್ನೂ ಒಂದು ತಮಾಷೆ ಇದೆ. ಚಿಂತಾಮಣಿ ಊರಿಗೆ ಆ ಹೆಸರು ಬಂದದ್ದು ಚಿಂತಾಮಣಿರಾವ್ ಅನ್ನೋ ಮರಾಠಾ ಸರದಾರನಿಂದ ಅಂತ ಗೆಜೆಟಿಯರ್ ಹೇಳುತ್ತೆ. ಮನುಷ್ಯನ ಹೆಸರು ಊರಿಗೆ ಹೋಯಿತು, ಊರಿನ ಹೆಸರು ತಿರುಗಿ ಮನುಷ್ಯನಿಗೆ ಬಂತು.

ನೋಡಿ, ಒಂದೇ ಜಾಗದಲ್ಲಿ ಕೂತ ಒಂದು ಅಕ್ಷರ ಮೂರು ಕಡೆ ಮೂರು ಕೆಲಸ ಮಾಡುತ್ತಿದೆ. ಇದು ಪ್ರತಿ ತಲೆಮಾರಿಗೂ ಬದಲಾಗಲೂಬಹುದು. ಡಿ.ವಿ. ಗುಂಡಪ್ಪನವರ ಡಿ ಅಂದರೆ ದೇವನಹಳ್ಳಿ, ಹುಟ್ಟಿದ್ದು ಮುಳಬಾಗಿಲು. ಅವರ ಮಗ ಬಿ.ಜಿ.ಎಲ್. ಸ್ವಾಮಿಯವರ ಬಿ ಅಂದರೆ ಬೆಂಗಳೂರು, ಜಿ ಅಂದರೆ ಗುಂಡಪ್ಪ. ಅಪ್ಪ ಮಗನಿಗೆ ಒಂದು ಅಕ್ಷರವೂ ಹೊಂದೋದಿಲ್ಲ. ಆದರೆ ಆ ಎರಡು ಹೆಸರನ್ನು ಪಕ್ಕಪಕ್ಕ ಇಟ್ಟರೆ ಒಂದು ಸಂಸಾರ ದೇವನಹಳ್ಳಿಯಿಂದ ಬೆಂಗಳೂರಿಗೆ ಬಂದ ದಾರಿ ಕಾಣುತ್ತೆ. ಸರ್‌ನೇಮ್ ಇದ್ದಿದ್ದರೆ ಈ ದಾರಿ ಕಾಣುತ್ತಿರಲಿಲ್ಲ. ಬುಕಾನನ್ ಅನ್ನೋ ಹೆಸರು ಕೊನೆಯ ಐನೂರು ವರ್ಷದಲ್ಲಿ ಆ ಮನೆಯವರು ಎಲ್ಲಿ ಇದ್ದರು ಅಂತ ಏನೂ ಹೇಳೋದಿಲ್ಲ.

ಹಾಗಾದರೆ ಗೌಡ, ರೆಡ್ಡಿ? ಅವು ಸರ್‌ನೇಮ್ ಅಲ್ಲವೇ ಅನ್ನಬಹುದು. ಗೌಡ ಅಂದರೆ ಮೊದಲಿಗೆ ಊರಿನ ಯಜಮಾನಿಕೆ, ಅಂದರೆ ಹುದ್ದೆ. ಚಿಕ್ಕಬಳ್ಳಾಪುರದ ಕೋಟೆ ಕಟ್ಟಿಸಿದ ಆವತಿ ಮನೆತನದ ಮಲ್ಲಬೈರೇಗೌಡ, ಶಿಡ್ಲಘಟ್ಟ ಕಟ್ಟಿದ ಶಿವನೇಗೌಡ, ಇವರೆಲ್ಲ ಪಾಳೇಗಾರರು. ಅವರ ಹೆಸರಿನಲ್ಲಿ ಗೌಡ ಅನ್ನೋದು ಅಧಿಕಾರದ ಗುರುತು. ಬೈರ ಅನ್ನೋದು ಮನೆದೇವರು ಭೈರವ. ಈಗ ಗೌಡ ಅನ್ನೋದು ಜಾತಿಯ ಗುರುತಾಗಿ ನಿಂತಿದೆ, ಮನೆತನದ ಗುರುತಾಗಿಲ್ಲ. ಪೂರ್ತಿ ಸರ್‌ನೇಮ್ ಆಗುವ ಹಾದಿಯಲ್ಲಿರುವುದನ್ನ ನೋಡಬೇಕಾದರೆ ಸಿ. ಬೈರೇಗೌಡರ ಮಗ ಕೃಷ್ಣ ಬೈರೇಗೌಡರ ಹೆಸರು ನೋಡಿ. ಅಪ್ಪನ ಪೂರ್ತಿ ಹೆಸರು ಮಗನ ಹೆಸರಿನ ಹಿಂದೆ ಬಂದಿದೆ. ಮ್ಯಾಕ್‌ಡೊನಾಲ್ಡ್ ಶುರುವಾದದ್ದೂ ಹೀಗೇ.

ಇಷ್ಟು ಹೇಳಿದ ಮೇಲೆ ಗೆಳೆಯರ ಮೂರನೇ ಪ್ರಶ್ನೆ. ಎಷ್ಟು ಜನ?

ಸ್ಕಾಟ್‌ಲೆಂಡಿನಲ್ಲಿ ಇದಕ್ಕೆ ಉತ್ತರ ಸಿಗುತ್ತೆ. ಅಲ್ಲಿ 1855ರ ಜನವರಿ 1ರಿಂದ ಹುಟ್ಟು, ಮದುವೆ, ಸಾವು ಎಲ್ಲವನ್ನೂ ಸರ್ಕಾರದ ಪುಸ್ತಕದಲ್ಲಿ ಬರೆಸಲೇಬೇಕು. ಆ ಪುಸ್ತಕ ಎಣಿಸಿ ಸ್ಮಿತ್ ಮೊದಲು, ಬ್ರೌನ್, ವಿಲ್ಸನ್ ಆಮೇಲೆ ಅಂತ ಪಟ್ಟಿ ಕೊಡುತ್ತಾರೆ. ನಮ್ಮಲ್ಲಿ 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 12,55,104. ಇದರಲ್ಲಿ ಗಂಡಸರೆಷ್ಟು, ಓದು ಬಂದವರೆಷ್ಟು, ಕೂಲಿಗಾರರೆಷ್ಟು ಎಲ್ಲ ಸಿಗುತ್ತೆ. ಹೆಸರಿನ ಲೆಕ್ಕ ಸಿಗೋದಿಲ್ಲ. 1931ರ ಗಣತಿಯಲ್ಲಿ ಜಾತಿ ಎಣಿಸಿದರು, ಮನೆತನ ಎಣಿಸಲಿಲ್ಲ. ಎಣಿಸೋಕೆ ಹೋದರೂ ಏನು ಎಣಿಸೋದು? ಎಂ ಅನ್ನೋ ಅಕ್ಷರದಲ್ಲಿ ಮೋಕ್ಷಗುಂಡಂ, ಮುದ್ದೇನಹಳ್ಳಿ, ಅಪ್ಪ ಮುನಿಯಪ್ಪ ಎಲ್ಲರೂ ಒಟ್ಟಿಗೆ ಕೂತಿರುತ್ತಾರೆ.

ಆದರೂ ನಮ್ಮಲ್ಲಿ ಒಂದು ಪುಸ್ತಕ ಇದೆ. ಅದೇ ಪಹಣಿ. ತಾಲ್ಲೂಕು ಕಛೇರಿಯಿಂದ ಪಹಣಿ ತೆಗೆಸಿದವರಿಗೆ ಗೊತ್ತು, ಅಲ್ಲಿ 'ಮುನಿಯಪ್ಪ ಬಿನ್ ವೆಂಕಟಪ್ಪ' ಅಂತ ಇರುತ್ತೆ. ಹೆಂಗಸಾದರೆ 'ವೆಂಕಟಮ್ಮ ಕೋಂ ಮುನಿಯಪ್ಪ'. ಬಿನ್ ಅಂದರೆ ಅರಬ್ಬಿಯಲ್ಲಿ ಮಗ. ಕೋಂ ಬಂದರೆ ಹೆಂಡತಿ ಅಂತ ಲೆಕ್ಕ. ಹಿಂದೂ, ಮುಸ್ಲಿಂ ಅಂತಿಲ್ಲ, ಗೌರಿಬಿದನೂರಿನ ಹೊಲದ ರೈತನಿಗೂ ಶಿಡ್ಲಘಟ್ಟದ ರೇಷ್ಮೆ ರೀಲರ್ ಸಾಹೇಬರಿಗೂ ಅದೇ ಬಿನ್. ಸ್ಕಾಟ್‌ಲೆಂಡಿನ ಮ್ಯಾಕ್ ಏನೋ ಅದೇ ನಮ್ಮ ಬಿನ್. ಅದು ಹೆಪ್ಪುಗಟ್ಟಿತು, ಇದು ಪ್ರತಿ ತಲೆಮಾರಿಗೂ ಹೊಸದಾಗಿ ಬರೆಯಲ್ಪಡುತ್ತೆ. ಹಳೇ ಮ್ಯುಟೇಷನ್ ಪುಸ್ತಕ ಹಿಡಿದು ಕೂತರೆ ನಾಲ್ಕೈದು ತಲೆಮಾರು ಹಿಂದಕ್ಕೆ ಹೋಗಬಹುದು. ಜಮೀನು ಇದ್ದವರು ಮಾತ್ರ!

ಇಲ್ಲಿ ಸ್ವಲ್ಪ ನಿಲ್ಲಬೇಕು. ಜಮೀನಿಲ್ಲದವರ ಹೆಸರು ಪಹಣಿಯಲ್ಲಿ ಇಲ್ಲ. ಅಷ್ಟೇ ಅಲ್ಲ, 'ಅಪ್ಪ', 'ಅಯ್ಯ' ಅನ್ನೋ ಗೌರವದ ಬಾಲವೂ ಒಂದು ಕಾಲಕ್ಕೆ ಎಲ್ಲರಿಗೂ ಸಿಗುತ್ತಿರಲಿಲ್ಲ. ಮೇಲಿನವನು ಮುನಿಯಪ್ಪ ಆದರೆ ಕೆಳಗಿನವನು ಬರೀ ಮುನಿಗ. ಅಂಥವರ ಮಕ್ಕಳು ಸ್ಕೂಲಿಗೆ ಸೇರಿದಾಗ ಹೆಸರಿನ ಮುಂದೆ ಊರಿನ ಒಂದಕ್ಷರ, ಅಪ್ಪನ ಒಂದಕ್ಷರ ಬಂತು. ಮೊದಲ ಸಲ ಊರಿಗೆ ತಾವೂ ಸೇರಿದವರು ಅಂತ ಒಂದು ದಾಖಲೆ ಆಯಿತು. ಎಚ್. ನರಸಿಂಹಯ್ಯ ಅನ್ನೋ ಹೆಸರು ಕೇಳಿದರೆ ಜಾತಿ ಗೊತ್ತಾಗೋದಿಲ್ಲ, ಊರಿನ ಸುಳಿವು ಸಿಗುತ್ತೆ. ನನಗೆ ಇನಿಷಿಯಲ್ ಪದ್ಧತಿಯಲ್ಲಿ ಬಹಳ ಇಷ್ಟವಾಗುವುದು ಇದೇ. ಕಡ್ಡಾಯವಾಗಿ ಸರ್‌ನೇಮ್ ಹಾಕು ಅಂದರೆ ನಮ್ಮ ಕಡೆ ಬಹಳ ಜನ ಜಾತಿಯ ಹೆಸರನ್ನೇ ಎಳೆದು ತರುತ್ತಾರೆ.

ಆ ಒತ್ತಾಯ ಈಗ ಬಂದಿದೆ. ಆನ್‌ಲೈನ್ ಅರ್ಜಿಗಳಲ್ಲಿ ಕೊನೆಯ ಹೆಸರಿನ ಖಾನೆ ಖಾಲಿ ಬಿಟ್ಟರೆ ಮುಂದಕ್ಕೆ ಹೋಗೋದಿಲ್ಲ. 2022ರ ನವೆಂಬರ್‌ನಲ್ಲಿ ಅರಬ್ ಎಮಿರೇಟ್ಸ್ ದೇಶ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ಪ್ರವಾಸದ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ನಿಯಮ ತಂತು. ಅಮೆರಿಕದ ವೀಸಾದಲ್ಲಂತೂ ನಮ್ಮವರ ಒಂಟಿ ಹೆಸರನ್ನು ಸರ್‌ನೇಮ್ ಖಾನೆಗೆ ತಳ್ಳಿ, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಹಾಕಿಬಿಡುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ! ಇದಕ್ಕೆ ಹೆದರಿ ಈಗಿನ ಅಪ್ಪ ಅಮ್ಮಂದಿರು ಮಕ್ಕಳಿಗೆ ಎರಡು ಚೆಂದದ ಹೆಸರಿಟ್ಟು ಸುಮ್ಮನಾಗುತ್ತಿದ್ದಾರೆ. ತಪ್ಪು ಅನ್ನಲಾರೆ, ಮಗು ನಾಳೆ ವಿಮಾನ ಹತ್ತಬೇಕಲ್ಲ. ಆದರೆ ಊರಿನ ಅಕ್ಷರ ಅಲ್ಲಿಗೆ ಬಿದ್ದುಹೋಯಿತು.

ರಾಜರಿಗೆ ಶಾಸನ ಇದೆ, ಪಾಳೇಗಾರರಿಗೆ ಗೆಜೆಟಿಯರ್ ಇದೆ. ಬರಗಾಲದಲ್ಲೋ ಪ್ಲೇಗಿನಲ್ಲೋ ಊರು ಬಿಟ್ಟು ಬಂದ ಸಾಮಾನ್ಯ ಸಂಸಾರಕ್ಕೆ ಇರುವ ಶಾಸನ ಹೆಸರಿನ ಮುಂದಿನ ಆ ಒಂದಕ್ಷರ. ಅದನ್ನು ಬಿಡಿಸಿ ಹೇಳಬಲ್ಲವರು ಮನೆಯಲ್ಲಿ ಅಜ್ಜಿಯೋ ತಾತನೋ ಒಬ್ಬರಿರುತ್ತಾರೆ. ಅವರು ಹೋದ ಮೇಲೆ ಎಂ ಅನ್ನೋದು ಬರೀ ಎಂ.

ಆದ್ದರಿಂದ ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ತಂದೆ, ತಾತ, ಮುತ್ತಾತನ ಇನಿಷಿಯಲ್ ಏನೇನಿತ್ತು, ಯಾವ ಅಕ್ಷರ ಊರು, ಯಾವುದು ಅಪ್ಪ ಅಂತ ಹಿರಿಯರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. ಊರಿನ ಹೆಸರಿನ ಜೊತೆಗೆ ತಾಲ್ಲೂಕನ್ನೂ ಬರೆಯಿರಿ, ಹೊಸೂರುಗಳು ಬಹಳ ಇವೆ. ಅಜ್ಜಿಯರ ತವರೂರನ್ನೂ ಸೇರಿಸಿ, ಅದು ಯಾರ ಇನಿಷಿಯಲ್‌ನಲ್ಲೂ ಬಂದಿರೋದಿಲ್ಲ. ನಿಮ್ಮ ಕಡೆ, ಅಂದರೆ ಮಲೆನಾಡು, ಕರಾವಳಿ, ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರಿನ ಪದ್ಧತಿ ಬೇರೆಯೇ ಇದೆ ಅಂತ ಗೊತ್ತು. ನಿಮ್ಮದರ ಕಥೆ ಏನು ಅಂತ ನೀವೂ ಬರೆಯಿರಿ, ಓದೋಣ.